ಒದ್ದೆ ರಸ್ತೆಯ ಸಾಕ್ಷಿ

ರಸ್ತೆಗಳೇ ಕೋರ್ಟಿಗೆ ಬಂದು ಸಾಕ್ಷಿ ಹೇಳತೊಡಗಿದ ಮೇಲೆ ಚಾಲಕರಿಗೆ ಸುಳ್ಳು ಹೇಳುವುದು ಕಷ್ಟವಾಗಿತ್ತು. ಆದರೂ ನಂಜುಂಡಿ ಎದೆಯುಬ್ಬಿಸಿ ನಿಂತ. ಆಯುಧಪೂಜೆಯ ದಿನ ಅವನ ಟ್ಯಾಕ್ಸಿ ಜಾರಿ ಕಬ್ಬಿನ ಹಾಲಿನ ಗಾಡಿಗೆ ಗುದ್ದಿತ್ತು. ಅವನ ಲೈಸೆನ್ಸು ಈಗ ನ್ಯಾಯಾಧೀಶೆಯ ಮೇಜಿನ ಮೇಲಿತ್ತು.

"ಮಳೆ ಬಂದಿತ್ತು ಮೇಡಂ, ತಪ್ಪೆಲ್ಲ ರಸ್ತೇದೇ," ಎಂದ.

ಕಟಕಟೆಯಲ್ಲಿಟ್ಟಿದ್ದ ಡಾಂಬರಿನ ತುಂಡಿನೊಳಗಿಂದ ರಸ್ತೆ ಕೆಮ್ಮಿತು. "ಮಳೆನೀರನ್ನ ಆಗಲೇ ಚರಂಡಿಗೆ ಇಳಿಸಿದ್ದೆ, ತಾಯಿ. ಆದರೆ ಪೂಜೆ ಮಾಡಿದವರು ಯಾರೋ ನನ್ನೆದೆ ಮೇಲೆ ಕುಂಬಳಕಾಯಿ ಒಡೆದು, ಚೂರನ್ನೂ ಎತ್ತದೆ ಹೋಗಿದ್ದರು. ಚಕ್ರ ಜಾರಿದ್ದು ಆ ತಿರುಳಿನ ಮೇಲೆ. ಹೆಸರು ಹೇಳಲ್ಲ, ದಿನಾ ಓಡಾಡೋರು."

"ಯಾರ್ರೀ ಅದು ಕುಂಬಳಕಾಯಿ ಒಡೆದೋರು?" ನ್ಯಾಯಾಧೀಶೆ ಗದರಿದರು.

ನಂಜುಂಡಿಯ ಕೈ ತನ್ನಷ್ಟಕ್ಕೆ ತಾನೇ ಹೋಗಿ ಹೆಗಲು ಮುಟ್ಟಿ ನೋಡಿಕೊಂಡಿತು.