ಏಕಾಂತಪ್ಪನ ಬ್ರೇಕು

ಕೆರೆ ಏರಿಯ ಮೇಲೆ ಮಗಳು ಬರುವುದನ್ನು ಕಂಡರೂ ಏಕಾಂತಪ್ಪ ಎದ್ದು ನಿಲ್ಲಲಿಲ್ಲ. ಎದ್ದರೆ ಎಲ್ಲಿ ತಿರುಗಿ ಹೋಗಿಬಿಡುತ್ತಾಳೋ ಎಂಬ ಭಯ. ಒಂಬತ್ತು ವರ್ಷದಿಂದ ಉಡಚಮ್ಮ ಅಪ್ಪನ ಜೊತೆ ಮಾತು ಬಿಟ್ಟಿದ್ದಳು. ತಾಯಿಯ ಮಣ್ಣಿಗೆ ಹರಿಹರದಿಂದ ಬಂದಾಗಲೂ ಅವನಿಗೆ ಬೆನ್ನು ಮಾಡಿ ನಿಂತು, ಹಾಗೇ ಬಸ್ಸು ಹತ್ತಿ ಹೋಗಿದ್ದಳು.

ನಾಲ್ಕು ಮಾರು ದೂರದಲ್ಲೇ ನಿಂತಳು.

"ಮನಿಗೆ ಹೋಗಿದ್ದೆ. ಮಗ್ಗಲ ಮನಿಯೋರು ಇಲ್ಲೇ ಇರ್ತೀಯ ಅಂದ್ರು. ಗಾಳಿ ತಗೊಳ್ಳಾಕ ಈ ಕೆರೀನೇ ಬೇಕಿತ್ತಾ ನಿನಗ?"

ಕೆಲಸ ಬಿಟ್ಟ ಮುದುಕರು ಗುಡಿಯ ಕಟ್ಟೆ ಹಿಡಿಯುತ್ತಾರೆ, ಇಲ್ಲವೇ ಸೊಸೆಯ ತಪ್ಪು ಹಿಡಿಯುತ್ತಾರೆ. ಏಕಾಂತಪ್ಪ ಹಿಡಿದದ್ದು ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ದಾರಿಯ ಈ ಕೆರೆಯನ್ನು. ದಿನಾ ಮಧ್ಯಾಹ್ನ ಸೈಕಲ್ಲಿನಲ್ಲಿ ಬರುತ್ತಿದ್ದ, ಕಟ್ಟಿಕೊಂಡು ಬಂದ ರೊಟ್ಟಿ ತಿನ್ನುತ್ತಿದ್ದ, ನೀರು ನೋಡುತ್ತ ಕೂರುತ್ತಿದ್ದ. ಎಂಟು ಜನರನ್ನು ನುಂಗಿದ ನೀರಿನ ಮುಂದೆ ಇವನಿಗೆ ರೊಟ್ಟಿಯಾದರೂ ಹೇಗೆ ಗಂಟಲಲ್ಲಿ ಇಳಿಯುತ್ತದೋ ಎಂದು ದಾರಿಹೋಕರು ಆಡಿಕೊಳ್ಳುತ್ತಿದ್ದರು.

ಒಂದು ಕಾಲದಲ್ಲಿ ಇದೇ ಜನ ಅವನನ್ನು ತಲೆಯ ಮೇಲೆ ಹೊತ್ತು ಮೆರೆಸಿದ್ದರು. ಯಾರ ಕೈಕೆಳಗೂ ದುಡಿಯದೆ ದಾವಣಗೆರೆಯಲ್ಲಿ ಸ್ವಂತ ಗ್ಯಾರೇಜು ನಡೆಸಿದವನು ಅವನು. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿಕೊಂಡು, ಕಣ್ಣು ಮುಚ್ಚಿ, ಗಾಡಿಯ ರೋಗ ಹೇಳುತ್ತಿದ್ದ. ಹೆಂಡತಿ ಊಟಕ್ಕೆ ಕೂಗಿದ್ದು ಮಾತ್ರ ಆ ಕಿವಿಗೆ ಯಾವತ್ತೂ ಕೇಳಿಸುತ್ತಿರಲಿಲ್ಲ. ಬ್ರೇಕಿನ ಕೆಲಸಕ್ಕಂತೂ ಅವನದೇ ಹೆಸರು. ಏಕಾಂತಪ್ಪನ ಬ್ರೇಕು ಎಂದರೆ ಸಾಕು, ಡ್ರೈವರುಗಳು ನಿಶ್ಚಿಂತೆಯಿಂದ ಗಾಡಿ ಹತ್ತುತ್ತಿದ್ದರು. ಅವರಲ್ಲೇ ಒಬ್ಬನನ್ನು, ನಗುಮುಖದ ಮಾಲತೇಶಪ್ಪನನ್ನು, ಮೆಚ್ಚಿ ಮಗಳನ್ನು ಕೊಟ್ಟ. ಮಗನಿಲ್ಲದವನಿಗೆ ಅಳಿಯನೇ ಮಗನಾಗಿದ್ದ.

ಐವತ್ತೇಳನೇ ಇಸವಿಯಲ್ಲಿ ಮಾಲತೇಶಪ್ಪ ಓಡಿಸುತ್ತಿದ್ದ ಬಸ್ಸು ಇಳಿಜಾರಿನಲ್ಲಿ ಹಿಡಿತ ತಪ್ಪಿ ಈ ಕೆರೆಗೆ ಬಿತ್ತು. ಏಳು ಪ್ರಯಾಣಿಕರೂ ಅವನೂ ಹೋದರು. ಮರುದಿನ ಬಸ್ಸನ್ನು ದಡಕ್ಕೆಳೆದಾಗ ಮೊದಲು ಒಳಹೊಕ್ಕವನು ಏಕಾಂತಪ್ಪ. ಹೊರಗೆ ಬಂದಾಗ ಅವನ ಕೈಯಲ್ಲಿ ತುಂಡಾದ ಬ್ರೇಕ್ ಪೈಪು ಇತ್ತು, ಹಿಂದಿನ ವಾರವಷ್ಟೇ ಅವನೇ ಕೂಡಿಸಿದ್ದು. "ತಪ್ಪು ನನ್ನದು" ಎಂದು ನೆರೆದವರೆಲ್ಲರ ಮುಂದೆ ಹೇಳಿದ. ಆರು ತಿಂಗಳು ಜೈಲಾಯಿತು. ತಿರುಗಿ ಬಂದ ಮೇಲೆ ಅವನ ಕೈಗೆ ಯಾರೂ ಒಂದು ಸೈಕಲ್ಲನ್ನೂ ಕೊಡಲಿಲ್ಲ. ಐವತ್ತೊಂದನೇ ವಯಸ್ಸಿಗೇ ನಿವೃತ್ತಿ.

"ಅನ್ನಪೂರ್ಣನ ಮದುವಿ ಗೊತ್ತಾಗೈತೆ," ಎಂದಳು ಉಡಚಮ್ಮ. "ಲೋಕಿಕೆರೆ ಕುಬೇರಪ್ಪನೋರ ಮೊಮ್ಮಗ."

ಆ ಹೆಸರನ್ನು ಏಕಾಂತಪ್ಪ ಮರೆಯುವಂತಿರಲಿಲ್ಲ. ಕುಬೇರಪ್ಪನ ಮಗಳು ಆ ಬಸ್ಸಿನಲ್ಲಿದ್ದಳು.

"'ನಿನ್ನ ಗಂಡನೂ ನನ್ನ ಮಗಳ ಜೋಡೀನೇ ಹೋದ, ಅವನ ಮಗಳು ನಮ್ಮ ಮನಿಗೆ ಬರ್ಲಿ' ಅಂದ್ರು. ಆದ್ರ ಆ ಮೆಕ್ಯಾನಿಕ್ ಮಾತ್ರ ಹಂದರದಾಗ ಕಾಲಿಡಬಾರದು ಅಂದ್ರು."

"ಅವರು ಹೇಳೋದ್ರಾಗ ನ್ಯಾಯ ಐತೆ."

ಉಡಚಮ್ಮ ಹತ್ತಿರ ಬಂದಳು. ಅಪ್ಪನ ಪಕ್ಕದಲ್ಲೇ ಕೂತಳು.

"ಹುಡುಗಿ ಅಳ್ತಾಳೆ, ಅಜ್ಜ ಬೇಕು ಅಂತ. ನನಗೂ ಸಾಕಾಗೈತೆ ಅಪ್ಪಾ, ಈ ಸಿಟ್ಟು ಹೊತ್ತು ಹೊತ್ತು. ಒಂದೇ ಒಂದು ಮಾತು ಹೇಳು. ಆ ತಪ್ಪು ನಿಂದಲ್ಲ ಅನ್ನು. ನಾನು ನಂಬ್ತೀನಿ. ಕುಬೇರಪ್ಪನೋರ ಕಾಲಿಗೆ ಬಿದ್ದಾದ್ರೂ ನಿನ್ನ ಕರ್ಕೊಂಡು ಹೋಗ್ತೀನಿ."

ಅಪ್ಪಾ ಎಂದು ಕರೆಸಿಕೊಳ್ಳಲು ಒಂಬತ್ತು ವರ್ಷ ಕಾದಿದ್ದ ಮನುಷ್ಯ. ಮೊಮ್ಮಗಳ ತಲೆಯ ಮೇಲೆ ನಾಲ್ಕು ಅಕ್ಷತೆ ಹಾಕಿದರೆ ಸಾಕು, ಆಮೇಲೆ ಸತ್ತರೂ ಚಿಂತೆಯಿಲ್ಲ ಎನ್ನಿಸಿತು. ಅವನು ಬಾಯಿ ತೆರೆದ.

"ನಂದಲ್ಲ ಅಂದ್ರ, ಮತ್ತೆ ಯಾರದು ಅಂತ ಕೇಳ್ತಾರಲ್ಲವ್ವಾ."

"ಯಾರದಾದ್ರೂ ಆಗ್ಲಿ, ನಮಗೇನು?" ಉಡಚಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಮ್ಮ ಮನಿಯವರಂಥಾ ಡ್ರೈವರ್ ಆ ಲೈನಿನಾಗೇ ಇರಲಿಲ್ಲ. ಪೆಟ್ರೋಲ್ ಉಳಿಸಿದ್ದಕ್ಕ ತಿಂಗಳಾ ತಿಂಗಳಾ ಮಾಲಕರು ಇನಾಮು ಕೊಡ್ತಿದ್ರು. ಅವತ್ತು ನನಗ ಮಲ್ಲಿಗಿ, ಮಗಳಿಗೆ ಮಂಡಕ್ಕಿ ಮಿರ್ಚಿ. ಅಂಥಾ ಅಪ್ಪನ ಹೆಸರು ಹೇಳ್ಕೊಂಡು ಅವಳು ಅತ್ತಿಮನಿಗೆ ಹೋಗ್ತಾಳೆ. ಅಜ್ಜನ ಹೆಸರೂ ಹೇಳಂಗೆ ಮಾಡು."

ಏಕಾಂತಪ್ಪ ರೊಟ್ಟಿಯ ಗಂಟನ್ನು ಬಿಗಿದು ಕಟ್ಟಿದ.

"ಆ ಪೈಪು ಹಾಳಾಗಿದ್ದು ನನ್ನ ಕೈಯಿಂದನೇ, ಉಡಚವ್ವ. ನಿನ್ನ ಮುಂದ ಸುಳ್ಳು ಹೇಳಲ್ಲ."

ಅವಳು ಎದ್ದಳು. ಬಯ್ಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

"ಹಂಗಾದ್ರ ಬರಬ್ಯಾಡ. ಮದುವಿಗಷ್ಟೇ ಅಲ್ಲ, ನಾನು ಸತ್ತರೂ ಬರಬ್ಯಾಡ."

ಏರಿಯ ತುದಿಯಲ್ಲಿ ಅವಳ ಸೆರಗು ಮರೆಯಾಗುವವರೆಗೂ ಏಕಾಂತಪ್ಪ ತಡೆದುಕೊಂಡ. ಆಮೇಲೆ ಟವೆಲನ್ನು ಬಾಯಿಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಒಂಬತ್ತು ವರ್ಷದ ಹಿಂದೆ ಆ ಬಸ್ಸಿನೊಳಗೂ ಹೀಗೇ ಅತ್ತಿದ್ದ. ಅಂದು ಅವನು ಮೊದಲು ಕಂಡದ್ದು ಬಂದ್ ಆಗಿದ್ದ ಚಾವಿಯನ್ನು. ಒಂದಿಷ್ಟು ಪೆಟ್ರೋಲು ಉಳಿಯಲೆಂದು ಅಳಿಯ ಇಳಿಜಾರಿನಲ್ಲಿ ಎಂಜಿನ್ ಆರಿಸಿ, ಗೇರು ತೆಗೆದು, ಬಸ್ಸನ್ನು ಸುಮ್ಮನೆ ಉರುಳಲು ಬಿಟ್ಟಿದ್ದ. ಎಂಜಿನ್ ಆರಿದರೆ ಆ ಬಸ್ಸಿನ ಬ್ರೇಕಿಗೆ ಅರ್ಧ ಬಲವೂ ಉಳಿಯುತ್ತಿರಲಿಲ್ಲ. ಯಾರೂ ನೋಡುವ ಮುಂಚೆ ಏಕಾಂತಪ್ಪ ಚಾವಿ ತಿರುಗಿಸಿದ, ಗೇರು ಹಾಕಿದ, ಬಸ್ಸಿನಡಿಗೆ ತೂರಿದ.

ತಾನೇ ಕೂಡಿಸಿದ ಬ್ರೇಕ್ ಪೈಪು ಎಷ್ಟು ಗಟ್ಟಿಯಾಗಿತ್ತೆಂದರೆ, ಅದನ್ನು ಮುರಿಯಲು ಅವನಿಗೆ ಬಹಳ ಹೊತ್ತು ಹಿಡಿಯಿತು.