ಕಡೆಯ ಕಿಂಡಿ

"ಯಾರೋ ದೋಣ್ಯಾಗ ಬರಾಕತ್ತಾರ್ರೀ!" ಎಂದು ಸಿದ್ದಣ್ಣ ಕೈ ತೋರಿಸಿದ.

ಕಿಂಡಿ ಅಣೆಕಟ್ಟಿನ ಮೇಲೆ ನಿಂತಿದ್ದ ದೂಮಪ್ಪ ತಿರುಗಿ ನೋಡಿದ. ಹೊಳೆಯ ತಿರುವಿನಲ್ಲಿ ಹಳದಿ ಪ್ಲಾಸ್ಟಿಕ್ ದೋಣಿ, ಅದರಲ್ಲಿ ಕೆಂಪು ಲೈಫ್ ಜಾಕೆಟ್ ತೊಟ್ಟ ರೋಹಿತ್, ತಂಗಿ ಕುಶಲಾಳ ಒಬ್ಬನೇ ಮಗ. ಅಣೆಕಟ್ಟಿನ ಕಿಂಡಿಗಳನ್ನೆಲ್ಲ ಹಲಗೆ ಇಳಿಸಿ ಮುಚ್ಚಿಯಾಗಿತ್ತು. ಉಳಿದದ್ದು ಕಡೆಯದೊಂದು, ಅದಕ್ಕೂ ಅರ್ಧದವರೆಗೆ ಹಲಗೆ ಕೂತಿತ್ತು. ಇಡೀ ಹೊಳೆ ಈಗ ಆ ಹಲಗೆಗಳ ಮೇಲಿಂದ ಹಾರಿ, ಆಚೆ ಬುಡಕ್ಕೆ ಬಿದ್ದು, ಮುಂದೆ ಹೋಗದೆ ಅಲ್ಲೇ ಮಗುಚಿ ಮಗುಚಿ ತಿರುಗುತ್ತಿತ್ತು.

ಮಣಿಪಾಲದಲ್ಲಿ ಓದುವ ರೋಹಿತನಿಗೆ ಮಳೆ ಬಿಟ್ಟ ಮೇಲೆ ಅಲೆವೂರಿನಿಂದ ಉದ್ಯಾವರದವರೆಗೆ ಹುಟ್ಟು ಹಾಕಿಕೊಂಡು ಹೋಗುವ ಹುಚ್ಚು. ಕಿಂಡಿಗಳು ತೆರೆದಿರುವಷ್ಟು ದಿನ ದೋಣಿ ಅವುಗಳ ನಡುವೆ ಸಲೀಸಾಗಿ ನುಸುಳುತ್ತದೆ. ಹುಚ್ಚೆಂದರೂ ಹುಡುಗ ಹುಂಬನಲ್ಲ. ಜಾಕೆಟ್ ಇಲ್ಲದೆ ನೀರಿಗಿಳಿದವನಲ್ಲ, ಮಾವನನ್ನು ಕೇಳದೆ ಹೊರಟವನಲ್ಲ. ನಿನ್ನೆ ಸಂಜೆಯೂ ಫೋನ್ ಮಾಡಿದ್ದ.

"ಮಾಮ, ಕಿಂಡಿಗೆ ಹಲಗೆ ಹಾಕಿದ್ದಾರಾ? ನಾಳೆ ಬರುವ ಅಂತ."

"ದೀಪಾವಳಿ ಕಳೆಯದೆ ಎಂತ ಹಲಗೆ ಮಾರಾಯ? ಎಲ್ಲ ತೆರೆದೇ ಉಂಟು. ಬಾ ಬಾ, ಪುಕ್ಕಲ!" ಎಂದು ದೂಮಪ್ಪ ನಕ್ಕಿದ್ದ.

ಈ ವರ್ಷ ಮಳೆ ಬೇಗ ಕೈಕೊಟ್ಟಿತ್ತು. ನಿನ್ನೆ ರಾತ್ರಿ ಅಮಾವಾಸ್ಯೆಯ ಉಬ್ಬರಕ್ಕೆ ಕಡಲಿನ ಉಪ್ಪುನೀರು ಹೊಳೆಗುಂಟ ಏರಿ ಗದ್ದೆಯ ಬದುವಿಗೆ ಬಂದು ನಿಂತಿದ್ದನ್ನು ಕಂಡು ಊರವರು ಬೆಳಗಾಗುವ ಮೊದಲೇ ದೂಮಪ್ಪನ ಅಂಗಳದಲ್ಲಿ ಸೇರಿದರು. ಉಪ್ಪುನೀರು ತಡೆಯಲು ಹಲಗೆ ಹಾಕಿಸುವ ಉಸ್ತುವಾರಿ ಪ್ರತಿ ವರ್ಷವೂ ಅವನದೇ. ಬಾಗಲಕೋಟೆ ಕಡೆಯ ಸಿದ್ದಣ್ಣ, ಮಾನಪ್ಪ ಕೆಲಸಕ್ಕೆ ಸಿಕ್ಕರು. ಹೊರಡುವಾಗ ಹುಡುಗನ ನೆನಪು ಬಾರದೆ ಇರಲಿಲ್ಲ. ಅವನ ಮೊಬೈಲ್ ನಂಬರನ್ನು ಕುಶಲಾ ಅಣ್ಣನ ಮನೆಯ ಫೋನಿನ ಪಕ್ಕದ ಗೋಡೆಯ ಮೇಲೇ ಬರೆದಿಟ್ಟಿದ್ದಳು. ಹೇಗೂ ನಾನು ಅಲ್ಲೇ ಇರುತ್ತೇನಲ್ಲ, ದೋಣಿ ಕಂಡಾಗ ಕೈ ಎತ್ತಿದರಾಯಿತು ಎಂದುಕೊಂಡು ದೂಮಪ್ಪ ಹಾರೆ ಹೊತ್ತು ಹೊರಟುಬಿಟ್ಟಿದ್ದ.

ಈಗ ಅವನು ಕೈ ಎತ್ತಿದ. ಎರಡೂ ಕೈ ಎತ್ತಿ ಬೀಸಿದ. "ಬರಬೇಡ! ದಡಕ್ಕೆ ಹೋಗು! ದಡಕ್ಕೆ!" ನೀರಿನ ಅಬ್ಬರದಲ್ಲಿ ಆ ಕೂಗು ಪಕ್ಕದಲ್ಲಿದ್ದ ಸಿದ್ದಣ್ಣನಿಗೇ ಸರಿಯಾಗಿ ಕೇಳಿಸಲಿಲ್ಲ.

ರೋಹಿತನಿಗೆ ಕಂಡದ್ದು ಎರಡೂ ಕೈ ಬೀಸಿ ಕರೆಯುತ್ತಿರುವ ಮಾಮ. ಅವನ ಮುಖ ಅರಳಿತು. ಹುಟ್ಟನ್ನು ನೀರಿನಿಂದ ಮೇಲೆತ್ತಿ ಅವನೂ ಬೀಸಿದ.

ಅಷ್ಟೇ ಸಾಕಾಯಿತು ಹೊಳೆಗೆ. ಹುಟ್ಟು ಮತ್ತೆ ನೀರು ಮುಟ್ಟುವಷ್ಟರಲ್ಲಿ ಸೆಳೆತ ದೋಣಿಯನ್ನು ಅಡ್ಡ ತಿರುಗಿಸಿ, ಹಲಗೆಯ ಮೇಲಿಂದ ಎತ್ತಿ ಆಚೆ ಹಾಕಿತು. ಸ್ವಲ್ಪ ಹೊತ್ತಿನಲ್ಲಿ ಖಾಲಿ ದೋಣಿ ಕೆಳಗಡೆ ತೇಲಿಕೊಂಡು ಹೋಯಿತು. ಬುಡದ ಸುಳಿಯಲ್ಲಿ ಕೆಂಪು ಜಾಕೆಟ್ ಒಮ್ಮೆ ಮೇಲೆ ಬಂತು, ಮುಳುಗಿತು, ಮತ್ತೆ ಬಂತು. ಸುಳಿಯಿಂದ ಹೊರಗೆ ಮಾತ್ರ ಬರಲಿಲ್ಲ. ಹಾರಲು ಹೋದ ದೂಮಪ್ಪನನ್ನು ಮಾನಪ್ಪ ಸೊಂಟ ಹಿಡಿದು ಕೆಡವಿದ.

"ಹಲಗೆ ಕೀಳಿ! ಎಲ್ಲ ಕೀಳಿ!"

"ಏಳವಲ್ಲವ್ರೀ! ನೀರು ಒತ್ತಿ ಹಿಡದೈತ್ರೀ!" ಹಾರೆಗೆ ಜೋತುಬಿದ್ದ ಸಿದ್ದಣ್ಣ ಅತ್ತೇಬಿಟ್ಟ.

ಬಿಗಿಯಾಗಿ ಕೂರಿಸಿ, ಒಂದು ತೊಟ್ಟು ಸೋರಬಾರದು ಎಂದು ಬೆಳಗಿನಿಂದ ಬೈದವನು ದೂಮಪ್ಪನೇ. ಅವರು ಹಾಗೇ ಕೂರಿಸಿದ್ದರು. ಕೊಡಲಿಯ ನೆನಪಾಗಿ, ಯಾರದೋ ಮನೆಗೆ ಓಡಿ ತಂದು, ಹಲಗೆ ಒಡೆದು ಹೊಳೆಯನ್ನು ಬಿಟ್ಟ ಮೇಲೆ ಹೊಳೆಯೂ ಹುಡುಗನನ್ನು ಬಿಟ್ಟುಕೊಟ್ಟಿತು. ಅಟ್ಟ ಮೇಲೆ ಒಲೆ ಉರಿದಂತಾಯಿತು. ದಡದಲ್ಲಿ ಮಲಗಿಸಿದಾಗಲೂ ಜಾಕೆಟ್ಟಿನ ಪಟ್ಟಿಗಳು ಅವನು ಹಾಕಿಕೊಂಡಂತೆಯೇ ಬಿಗಿಯಾಗಿದ್ದವು.

ರಿಕ್ಷಾದಿಂದ ಇಳಿದು ಓಡಿಬಂದ ಕುಶಲಾ ಮಗನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು ಕೂತಳು. ಏನಾದರೂ ಸಮಾಧಾನ ಹೇಳಬೇಕೆನಿಸಿ ಮಾನಪ್ಪನೇ ಬಾಯಿಬಿಟ್ಟ. "ಕಡೀಕೂ ನಕ್ಕೋತ ಬಂದ್ರೀ ಅಕ್ಕಾರ. ಮಾವ ಕೈ ಮಾಡಿದ್ದು ನೋಡಿ ನಕ್ಕಾರ್ರೀ."

"ಹೌದಾ ಅಣ್ಣ? ನಗುತ್ತಿದ್ದನಾ?"

ದೂಮಪ್ಪ ತಲೆಯಾಡಿಸಿದ. ಇದಕ್ಕಿಂತ ನಾಲ್ಕು ಬೈಗುಳ ಬಿದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

"ಬೆಳಿಗ್ಗೆ ನನಗೆ ಯಾಕೋ ಮನಸ್ಸೇ ಇರಲಿಲ್ಲ ಅಣ್ಣ. ಇವತ್ತು ಬೇಡ ಮಗಾ ಎಂದೆ. 'ಮಾಮನಲ್ಲಿ ಕೇಳಿದ್ದೇನೆ ಅಮ್ಮ, ಬಾ ಎಂದಿದ್ದಾರೆ' ಎಂದ." ಅವಳು ಮಗನ ಒದ್ದೆ ಕೂದಲನ್ನು ಹಿಂದಕ್ಕೆ ಸರಿಸಿದಳು. "ನೀನು ಹೇಳಿದ ಮೇಲೆ ಮತ್ತೆ ನನಗೆ ಎಂತ ಹೆದರಿಕೆ? ಸುಮ್ಮನಾದೆ."

ತಂಗಿಯ ತಲೆ ಸವರಲು ದೂಮಪ್ಪ ಕೈ ಎತ್ತಿದ. ಎತ್ತಿದ ಕೈ ಕಣ್ಣಿಗೆ ಬಿದ್ದದ್ದೇ, ಅದನ್ನು ಇಳಿಸಿ ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.