ಚೆನ್ನವೀರನ ದೊಡ್ಡಕ್ಷರಗಳು

ಖುಷಿ ಹೆಚ್ಚಾದರೆ ಇಲ್ಲಿ ಯಾರದೇ ಆಗಲಿ, ಎದೆಯ ಮೇಲಿನ ಇಂಗ್ಲಿಷ್ ಹೆಸರು ದೊಡ್ಡಕ್ಷರಕ್ಕೆ ತಿರುಗುತ್ತದೆ. ಮದುವೆಯ ದಿನ ಮದುಮಗ ಚೆನ್ನವೀರನ ಹೆಸರು ಪೂರ್ತಿ ತಿರುಗಿತ್ತು. ಒಳಗೆ ಬಿಡಬೇಕಾದವರ ಪಟ್ಟಿಯಲ್ಲಿದ್ದ ಹೆಸರಿಗೆ ಅದು ಹೊಂದದೆ, ಎದೆಯ ಹೆಸರು ಓದಿ ತೆರೆಯುವ ಕಲ್ಯಾಣ ಮಂಟಪದ ಬಾಗಿಲು ತೆರೆಯಲೇ ಇಲ್ಲ.

“ಅಕ್ಷತಾ ಹಾಕಾಕ ಐದ ನಿಮಿಷ ಐತಿ. ಅಕ್ಷರ ಸಣ್ಣ ಆಗಾಕ ಒಂದೀಟು ಬ್ಯಾಸರ ಮಾಡ್ಕೋರಿ ಅಳಿಯಾರ!” ಎಂದು ಮಾವ ಗೋಗರೆದರು.

“ಇವತ್ತ ಆಗವಲ್ತ್ರಿ ಮಾವಾರ.”

ಬಾಗಿಲು ನಡೆಸುವ ಕಂಪ್ಯೂಟರಿಗೆ ಜಾವಾಸ್ಕ್ರಿಪ್ಟ್ ಪ್ರೋಗ್ರಾಂ ಬರೆದಿದ್ದ ಫರೀದಾ, ಹೋಲಿಸುವ ಮೊದಲು ಎದೆಯ ಹೆಸರನ್ನು ಸಣ್ಣಕ್ಷರ ಮಾಡುವ ಸಾಲೊಂದನ್ನು ಸೇರಿಸಿದಳು. ಆದರೂ ತೆರೆಯಲಿಲ್ಲ.

“ಪಟ್ಟ್ಯಾಗ ಇವರ ಹೆಸರು ಬರದವರ್ಯಾರ್ರಿ?” ಎಂದು ಕೂಗಿದಳು.

“ನಾನ ರೀ,” ಒಳಗಿನಿಂದ ಮದುಮಗಳು ನೀಲಾಂಬಿಕೆಯ ದನಿ. “ಪೂರ್ತಿ ದೊಡ್ಡಕ್ಷರದಾಗ ಬರಿಯಾಕ ನಾಚಿಕಿ ಬಂತು. ಮೊದಲಕ್ಷರ ಒಂದ ದೊಡ್ಡದು ಬರದೀನಿ.”

ಫರೀದಾ ನಗುತ್ತ ಪಟ್ಟಿಯ ಹೆಸರನ್ನೂ ಸಣ್ಣಕ್ಷರ ಮಾಡಿ ಹೋಲಿಸಿದಳು. ಬಾಗಿಲು ತೆರೆಯಿತು.

ಎದುರಿಗೇ ನಿಂತಿದ್ದ ನೀಲಾಂಬಿಕೆಯ ಎದೆಯ ಮೇಲೆ ಒಂದೂ ಸಣ್ಣಕ್ಷರ ಉಳಿದಿರಲಿಲ್ಲ.